ಮೊದಲು ರಸ್ತೆ ಯಾವುದು ಹೇಳಿ, ಆಮೇಲೆ ಟೈರ್ ಸದ್ದಿನ ಮಾತು

ನಮಸ್ಕಾರ. ಹೋದ ತಿಂಗಳು ಕಾರಿಗೆ ನಾಲ್ಕೂ ಹೊಸ ಟೈರ್ ಹಾಕಿಸಿದೆ. ಮೊದಲ ಹತ್ತು ಕಿಲೋಮೀಟರ್ ನುಣುಪಾದ ಡಾಂಬರು ರಸ್ತೆ. ಕಾರಿನೊಳಗೆ ಎಷ್ಟು ಶಾಂತ ಅಂದ್ರೆ, ಹಿಂದಿನ ಸೀಟಿನ ಕೆಳಗೆ ನೀರಿನ ಬಾಟಲಿ ಉರುಳಾಡೋದು ಕೇಳಿಸ್ತಿತ್ತು. ಅದು ಮುಗಿದು ಅಡ್ಡ ಗೀರು ಹಾಕಿದ ಕಾಂಕ್ರೀಟ್ ರಸ್ತೆ ಶುರುವಾಯ್ತು ನೋಡಿ, ಗುಂಯ್ ಅಂತ ಒಂದೇ ಶ್ರುತಿ ಹಿಡಿದ ಸದ್ದು! ವೇಗ ಏರಿಸಿದ್ರೆ ಶ್ರುತಿ ಏರುತ್ತೆ, ಇಳಿಸಿದ್ರೆ ಇಳಿಯುತ್ತೆ. ನಿಜವಾಗ್ಲೂ ಹೊಟ್ಟೆ ಉರೀತು. ಅಷ್ಟು ದುಡ್ಡು ಸುರಿದು ತಂದಿದ್ದು ಈ ಸದ್ದನ್ನಾ ಅನ್ನಿಸ್ತು.

ಸ್ವಲ್ಪ ದೂರದಲ್ಲಿ ಮತ್ತೆ ಡಾಂಬರು ಬಂತು. ಸದ್ದು ಮಾಯ. ಅದೇ ಟೈರು, ಅದೇ ಗಾಳಿ, ಅದೇ ವೇಗ. ಬದಲಾಗಿದ್ದು ನೆಲ ಒಂದೇ.

ಅವತ್ತಿಂದ ನಾನು ಒಂದು ಹಟ ಹಿಡಿದಿದ್ದೀನಿ. "ಈ ಟೈರು ಸೈಲೆಂಟು, ಆ ಟೈರು ಗಲಾಟೆ" ಅಂತ ಯಾರೇ ಹೇಳಲಿ, ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ ಅಂತ ಕೇಳ್ತೀನಿ. ಉತ್ತರ ಇಲ್ಲದಿದ್ರೆ ಆ ಮಾತನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ವಲ್ಲ, ಹಾಗೇ ಇದು. ಟೈರು ಒಂದು ಕೈ, ರಸ್ತೆ ಇನ್ನೊಂದು.

ಆ ಕಾಂಕ್ರೀಟ್ ಯಾಕೆ ಹಾಡ್ತು ಅಂತ ನೋಡೋಣ. ಮಳೇಲಿ ಹಿಡಿತ ಸಿಗಲಿ ಅಂತ, ಕಾಂಕ್ರೀಟ್ ಹಸಿ ಇರುವಾಗಲೇ ಅದರ ಮೇಲೆ ಅಡ್ಡಡ್ಡ ಗೀರು ಎಳೀತಾರೆ. ಗೀರುಗಳ ನಡುವೆ 20 ಮಿಲಿಮೀಟರ್ ಅಂತರ ಇದೆ ಅಂದ್ಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 22 ಮೀಟರ್ ಚಿಲ್ಲರೆ. ಅಲ್ಲಿಗೆ ಟೈರು ಸೆಕೆಂಡಿಗೆ ಸುಮಾರು 1,100 ಗೀರು ದಾಟುತ್ತೆ. ಅಷ್ಟೇ ಹರ್ಟ್ಸ್‌ನ, ಅಂದ್ರೆ ಸೆಕೆಂಡಿಗೆ ಅಷ್ಟು ಕಂಪನದ ಸ್ವರ ಹುಟ್ಟುತ್ತೆ, ಅದು ನಮ್ಮ ಕಿವಿ ಚೆನ್ನಾಗಿ ಹಿಡಿಯೋ ಸ್ವರ. ಗೀರುಗಳ ಅಂತರ ಒಂದೇ ಸಮ ಇಡದೆ ಹೆಚ್ಚುಕಮ್ಮಿ ಮಾಡಿದ್ರೆ, ಇಲ್ಲಾ ರಸ್ತೆಯ ಉದ್ದಕ್ಕೆ ಎಳೆದ್ರೆ, ಈ ಗುಂಯ್ಗುಡೋದು ತುಂಬಾ ಕಮ್ಮಿಯಾಗುತ್ತೆ. ಟೈರ್ ಮಾಡೋರೂ ಇದೇ ಉಪಾಯ ಮಾಡ್ತಾರೆ. ನಿಮ್ಮ ಟೈರಿನ ಟ್ರೆಡ್ ಬ್ಲಾಕ್‌ಗಳನ್ನ, ಅಂದ್ರೆ ನೆಲ ಮುಟ್ಟೋ ರಬ್ಬರಿನ ಉಬ್ಬು ತುಂಡುಗಳನ್ನ, ಹತ್ತಿರದಿಂದ ನೋಡಿ, ಎಲ್ಲವೂ ಒಂದೇ ಅಳತೆ ಇರಲ್ಲ. ಬೇಕಂತಲೇ ಬೇರೆ ಬೇರೆ ಮಾಡಿರ್ತಾರೆ, ಒಂದೇ ಸ್ವರ ನಿಲ್ಲಬಾರದು ಅಂತ.

ದಪ್ಪ ಜಲ್ಲಿ ಎದ್ದು ಕಾಣೋ ಡಾಂಬರಿನ ಕಥೆ ಬೇರೆ. ಅಲ್ಲಿ ಬರೋದು ಗುರ್ ಅನ್ನೋ ತಗ್ಗು ಸ್ವರ. ಪ್ರತಿ ಕಲ್ಲೂ ಟೈರನ್ನ ನಡುಗಿಸುತ್ತೆ, ಆ ನಡುಕ ಸಸ್ಪೆನ್ಷನ್ ಮೂಲಕ ಕಾರಿನ ಮೈಗೆ ಹತ್ತುತ್ತೆ. ಕಿಟಕಿ ಎಷ್ಟೇ ಬಿಗಿಯಾಗಿ ಮುಚ್ಚಿ, ಅದು ನಿಲ್ಲಲ್ಲ. ಟೈರಿನೊಳಗಿನ ಗಾಳಿಗೂ ತನ್ನದೇ ಅನುರಣನ, ಅಂದ್ರೆ ಅದು ಜೋರಾಗಿ ಮೊಳಗೋ ಸ್ವರ ಇದೆ, ಕಾರು ಟೈರುಗಳಲ್ಲಿ 200ರಿಂದ 250 ಹರ್ಟ್ಸ್ ಸುತ್ತಮುತ್ತ. ಕೆಲವು ಟೈರುಗಳ ಒಳಗೆ ಫೋಮ್ ಅಂಟಿಸಿರೋದು ಅದನ್ನ ತಗ್ಗಿಸೋಕೆ. ಇನ್ನು ಸಣ್ಣ ಸಣ್ಣ ರಂಧ್ರ ಇರೋ ಡಾಂಬರಿನ ಮೇಲೆ, ಟ್ರೆಡ್ ಅಡಿ ಸಿಕ್ಕ ಗಾಳಿಗೆ ನುಸುಳಿ ಹೋಗೋಕೆ ದಾರಿ ಇರುತ್ತೆ, ರಸ್ತೆಯೇ ಸದ್ದನ್ನ ಹೀರಿಕೊಳ್ಳುತ್ತೆ. ರಂಧ್ರದಲ್ಲಿ ಕೆಸರು ತುಂಬಿದ್ರೆ ಆ ಗುಣ ಕಮ್ಮಿಯಾಗ್ತಾ ಹೋಗುತ್ತೆ.

"ಲೇಬಲ್ ನೋಡಿ ಕೊಂಡ್ರೆ ಆಯ್ತಲ್ವಾ?" ಅಂತೀರಿ. ಯುರೋಪಿನ ಟೈರ್ ಲೇಬಲ್ ಮೇಲೆ ಸದ್ದು ಎಷ್ಟು ಡೆಸಿಬಲ್ ಅಂತ ಇರುತ್ತೆ, ನಿಜ. ಆದ್ರೆ ಅದನ್ನ ಅಳೆಯೋದು ಕಾರಿನ ಹೊರಗೆ. ಎಂಜಿನ್ ಆಫ್ ಮಾಡಿ, 80ರ ವೇಗದಲ್ಲಿ ಕಾರನ್ನ ತೇಲಿಬಿಟ್ಟು, 7.5 ಮೀಟರ್ ಆಚೆ ಮೈಕ್ ಇಟ್ಟು, ನಿಗದಿಯಾದ ನುಣುಪು ಡಾಂಬರಿನ ಮೇಲೆ. ರಸ್ತೆ ಪಕ್ಕದ ಮನೆಯವರಿಗೆ ಆ ಸಂಖ್ಯೆ ಬಹಳ ಮುಖ್ಯ. ಒಳಗೆ ಕೂತ ನಿಮಗೆ, ಒರಟು ಜಲ್ಲಿಯ ಮೇಲೆ ಏನು ಕೇಳಿಸುತ್ತೆ ಅಂತ ಅದು ಹೇಳಲ್ಲ.

ಮಾರನೇ ದಿನ ಬೆಳಿಗ್ಗೆ, ಟೈರು ತಣ್ಣಗಿರುವಾಗ ಗಾಳಿ ನೋಡಿದೆ. ಬಾಗಿಲ ಪಕ್ಕದ ಸ್ಟಿಕ್ಕರ್ ಮೇಲೆ 33 ಪಿಎಸ್‌ಐ ಅಂತಿದೆ, ಟೈರ್ ಹಾಕಿದವರು 40 ತುಂಬಿದ್ರು! ಸರಿ ಮಾಡಿದ ಮೇಲೆ ಜಲ್ಲಿ ರಸ್ತೆಯ ಗುರ್ ಚೆನ್ನಾಗಿ ತಗ್ಗಿತು. ಕಾಂಕ್ರೀಟಿನ ಗುಂಯ್ ಮಾತ್ರ ಹಾಗೇ ಉಳೀತು, ಅದು ರಸ್ತೆಯದ್ದು. ದಯವಿಟ್ಟು ಈ ಒಂದು ಕೆಲಸ ನೀವೂ ಮಾಡಿ, ಟೈರನ್ನ ಬೈಯೋ ಮೊದಲು. ಜೊತೆಗೆ ಟೈರಿನ ಪಕ್ಕದಲ್ಲಿ 'ಔಟ್‌ಸೈಡ್' ಅಂತ ಬರೆದಿದ್ರೆ ಅದು ಹೊರಗಡೆಗೇ ಇದೆಯಾ, ಬಾಣದ ಗುರುತಿದ್ರೆ ಟೈರು ಉರುಳೋ ದಿಕ್ಕಿಗೇ ಇದೆಯಾ ನೋಡಿ.

ರಸ್ತೆ ಬದಲಾದ್ರೂ ಸದ್ದು ಬದಲಾಗ್ತಿಲ್ಲ, ತಿರುವಿನಲ್ಲಿ ಏರಿಳಿಯುತ್ತೆ ಅಂದ್ರೆ ಚಕ್ರದ ಬೇರಿಂಗ್ ಮೆಕ್ಯಾನಿಕ್‌ಗೆ ತೋರಿಸಿ. ಹಳೇ ಟೈರಿನ ಗಲಾಟೆಯಲ್ಲಿ ಬೇರಿಂಗ್ ಸದ್ದು ಮುಚ್ಚಿಹೋಗಿರಬಹುದು. ಹಳೇ ಟೈರು ಗರಗಸದ ಹಲ್ಲಿನ ಹಾಗೆ ಸವೆದು ನಿಧಾನಕ್ಕೆ ಸದ್ದು ಏರಿಸ್ತಾ ಬರುತ್ತೆ, ಕಿವಿ ಅದಕ್ಕೆ ಒಗ್ಗಿಬಿಡುತ್ತೆ. ಹೊಸದರ ಸ್ವರ ಬೇರೆ, ಅದಕ್ಕೇ ಚುಚ್ಚುತ್ತೆ.

ನಾನು ಟೈರ್ ವಾಪಸ್ ಮಾಡಲಿಲ್ಲ. ಅದೇ ಕಾಂಕ್ರೀಟ್ ರಸ್ತೆಯಲ್ಲಿ ಜೋರು ಮಳೇಲಿ ಒಂದ್ಸಲ ಬ್ರೇಕ್ ಒತ್ತಬೇಕಾಯ್ತು. ಕಾರು ಗೆರೆ ಬಿಡದೆ, ನೇರವಾಗಿ ನಿಂತಿತು. ಹಿಡಿತ ಕಳ್ಕೊಂಡು ಶಾಂತಿ ಕೊಂಡ್ಕೊಳ್ಳೋಕೆ ನನಗೆ ಇಷ್ಟ ಇಲ್ಲ. ಆ ಕಾಂಕ್ರೀಟಿನ ಆರು ಕಿಲೋಮೀಟರ್ ಈಗ 80ರ ಬದಲು 65ರಲ್ಲಿ ಹೋಗ್ತೀನಿ, ಗುಂಯ್ ಒಂದು ಮೆಟ್ಟಿಲು ಕೆಳಗಿಳಿಯುತ್ತೆ.