ಬೆಳಕು ಬಾಗಿದರೆ ಬಣ್ಣ ಬದಲಾಗುತ್ತದೆಯೇ?

ಕೇಳುಗರೆಲ್ಲರಿಗೂ ನಮಸ್ಕಾರ. ಗಾಜಿನ ಪ್ರಿಸಂ, ಅಂದರೆ ಮೂರು ಮೂಲೆಯ ಗಾಜಿನ ತುಂಡು, ಒಂದನ್ನು ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಕೆಂಪಿನಿಂದ ನೇರಳೆಯವರೆಗೆ ಬಣ್ಣದ ಪಟ್ಟಿ ಬೀಳುತ್ತದೆ. ಈ ಬಣ್ಣ ಎಲ್ಲಿಂದ ಬಂತು ಅಂತ ಕೇಳಿ ನೋಡಿ, ಬಹಳ ಮಂದಿ "ಗಾಜಿನಿಂದ" ಅನ್ನುತ್ತಾರೆ. ಅಲ್ಲ ಸ್ವಾಮಿ! ವಕ್ರೀಭವನ, ಅಂದರೆ ಗಾಜಿಗೋ ನೀರಿಗೋ ಓರೆಯಾಗಿ ಹೊಕ್ಕ ಬೆಳಕು ಬಾಗುವುದು, ಬಣ್ಣ ಹುಟ್ಟಿಸುವುದಿಲ್ಲ. ಒಂದೊಂದು ಬಣ್ಣ ಒಂದೊಂದು ಅಳತೆಗೆ ಬಾಗುವುದರಿಂದ, ಬಿಸಿಲಿನಲ್ಲಿ ಮೊದಲೇ ಇದ್ದ ಬಣ್ಣಗಳನ್ನು ಬೇರ್ಪಡಿಸುತ್ತದೆ, ಅಷ್ಟೇ. ಮೊರದಲ್ಲಿ ಕೇರಿದರೆ ಅಕ್ಕಿ, ಹೊಟ್ಟು ಬೇರೆಯಾಗುತ್ತವೆ. ಅಕ್ಕಿಯನ್ನು ಮೊರವೇ ಬೆಳೆಯಿತು ಅನ್ನುತ್ತೀರಾ?

ಇದನ್ನು ಸಾಧಿಸಿ ತೋರಿಸಿದವರು ನ್ಯೂಟನ್. 1666, ಇಂಗ್ಲೆಂಡಿನಲ್ಲಿ ಪ್ಲೇಗಿನ ಕಾಲ. ಇಪ್ಪತ್ತಮೂರರ ಹುಡುಗ ಕೋಣೆ ಕತ್ತಲು ಮಾಡಿ, ಕಿಟಕಿಯ ಬಾಗಿಲಿಗೆ ಸಣ್ಣ ತೂತು ಕೊರೆದು, ಒಳಬಂದ ಬಿಸಿಲಿಗೆ ಪ್ರಿಸಂ ಅಡ್ಡ ಹಿಡಿದ. ಇಪ್ಪತ್ತೆರಡು ಅಡಿ ದೂರದ ಗೋಡೆಯ ಮೇಲೆ ದುಂಡಗೆ ಬೀಳಬೇಕಾದ ಬೆಳಕು ಅಗಲಕ್ಕಿಂತ ಐದು ಪಟ್ಟು ಉದ್ದವಾಗಿ ಬಿದ್ದಿತ್ತು! ಬೆಳಕಿಗೆ ಕತ್ತಲು ಬೆರೆತು ಬಣ್ಣವಾಗುತ್ತದೆ ಅಂತ ಪಂಡಿತರು ನಂಬಿದ್ದ ಕಾಲ ಅದು. ಇವನು ಒಪ್ಪಲಿಲ್ಲ. ಹಲಗೆಯ ತೂತಿನಿಂದ ಒಂದೇ ಒಂದು ಬಣ್ಣವನ್ನು ಹಾಯಿಸಿ, ಮುಂದೆ ಎರಡನೆಯ ಪ್ರಿಸಂ ಇಟ್ಟ. ಗಾಜೇ ಬಣ್ಣ ಕೊಡುವುದಾದರೆ ಇಲ್ಲಿ ಹೊಸ ಬಣ್ಣ ಬರಬೇಕಿತ್ತಲ್ಲ? ಕೆಂಪು ಮತ್ತೆ ಬಾಗಿತು, ಕೆಂಪಾಗಿಯೇ ಉಳಿಯಿತು. ನೇರಳೆ ಇನ್ನೂ ಹೆಚ್ಚು ಬಾಗಿತು, ಆದರೂ ನೇರಳೆಯೇ. 1672ರಲ್ಲಿ ಇದನ್ನು ಪ್ರಕಟಿಸಿದಾಗ ಇನ್ನೊಬ್ಬ ವಿಜ್ಞಾನಿ ರಾಬರ್ಟ್ ಹುಕ್ ತಕರಾರು ತೆಗೆದರು. ಆ ಜಗಳದ ಕಥೆಯೂ ಸೊಗಸಾಗಿದೆ, ಆದರೆ ಸ್ಟುಡಿಯೋದವರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ.

ಹಾಗಾಗಿ ಮಿಕ್ಕದ್ದು ಬೇಗ ಬೇಗ. ಬೆಳಕಿನ ಬಣ್ಣ ನಿಂತಿರುವುದು ಅದರ ಆವೃತ್ತಿಯ ಮೇಲೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದರ ಮೇಲೆ. ನೀರಿಗೆ ಹೊಕ್ಕಾಗ ವೇಗ ಇಳಿಯುತ್ತದೆ, ಅಲೆಯ ಉದ್ದವೂ, ಅಂದರೆ ಬೆಳಕಿನ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರವೂ, ಕುಗ್ಗುತ್ತದೆ: 650 ನ್ಯಾನೋಮೀಟರಿನ (ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಕೆಂಪು ಸುಮಾರು 490 ಆಗುತ್ತದೆ. ಗಾಳಿಯಲ್ಲಾದರೆ ಅದು ನೀಲಿ-ಹಸಿರಿನ ಅಳತೆ. ಹಾಗಂತ ಬಾವಿಯಲ್ಲಿ ಮುಳುಗಿದವರಿಗೆ ಕೆಂಪು ಚಡ್ಡಿ ನೀಲಿಯಾಗಿ ಕಾಣುತ್ತದೆಯೇ? ಇಲ್ಲ. ಆವೃತ್ತಿ ಬದಲಾಗುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಅಲ್ಲದೆ ನಮ್ಮ ಕಣ್ಣುಗುಡ್ಡೆಯ ಒಳಗೆ ತುಂಬಿರುವುದೂ ಬಹುಪಾಲು ನೀರೇ, ಹಾಗಾಗಿ ಹೊರಗೆ ಗಾಳಿಯಿರಲಿ ನೀರಿರಲಿ, ಕಣ್ಣಿನೊಳಗೆ ಅಲೆಯ ಉದ್ದ ಒಂದೇ. ಆಳದ ಸಮುದ್ರದಲ್ಲಿ ಕೆಂಪು ಮಂಕಾಗುವುದು ನಿಜ, ಆದರೆ ಅಲ್ಲಿ ನೀರು ಕೆಂಪನ್ನು ಹೀರಿಕೊಳ್ಳುತ್ತದೆ. ಬಾಗುವಿಕೆಯ ಮೇಲೆ ತಪ್ಪು ಹೊರಿಸಬೇಡಿ.

ಮಕ್ಕಳೇ, ಸಂಜೆ ಬಿಸಿಲಿಗೆ ಬೆನ್ನು ಮಾಡಿ ನಿಂತು ಪೈಪಿನಿಂದ ನೀರು ಚಿಮುಕಿಸಿ. ಕಾಮನಬಿಲ್ಲು ಮೂಡುತ್ತದೆ, ಕೆಂಪು ಹೊರಗೆ, ನೇರಳೆ ಒಳಗೆ. ಆ ಬಣ್ಣಗಳೆಲ್ಲ ಎಲ್ಲಿದ್ದವು? ಬಿಸಿಲಿನಲ್ಲೇ! ಹನಿಗಳು ಬೇರ್ಪಡಿಸಿದವು, ಅಷ್ಟೇ. ಆಕಾಶ ಯಾಕೆ ನೀಲಿ ಅಂತ ಮಾತ್ರ ಈಗ ಕೇಳಬೇಡಿ, ಅದು ಚದುರುವಿಕೆ, ಬೇರೆಯೇ ಕಥೆ. ಇನ್ನೊಮ್ಮೆ ಕರೆದರೆ ಬಂದು ಹೇಳುತ್ತೇನೆ. ನಮಸ್ಕಾರ.