ಒಬ್ಬ ನೈಟ್ ಅಂದರೆ ಎಷ್ಟು ಜನ?

ಎಲ್ಲರಿಗೂ ನಮಸ್ಕಾರ.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡದವರೂ ಇಲ್ಲಿ ಇದ್ದೀರಿ, ಅವರಿಗಾಗಿ ಮೊದಲು ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಗೇಮ್ ಮಾಸ್ಟರ್ ಅನ್ನಿಸಿಕೊಂಡವರು ಕತೆ ನಡೆಸುತ್ತಾರೆ. ಮುಂದೇನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲದ ಕಡೆ ದಾಳ ಉರುಳುತ್ತದೆ. ನಾನು ಆಡಿಸುವುದು ಪೆಂಡ್ರಾಗನ್. ಆರ್ಥರ್ ರಾಜನ ಬ್ರಿಟನ್ನಿನಲ್ಲಿ ನಡೆಯುವ ಈ ಆಟವನ್ನು ಗ್ರೆಗ್ ಸ್ಟ್ಯಾಫರ್ಡ್ ರೂಪಿಸಿದರು, 1985ರಲ್ಲಿ ಕೇಯೋಸಿಯಂ ಕಂಪನಿ ಪ್ರಕಟಿಸಿತು. ನಾನು ಆಡಿಸುವ ಆವೃತ್ತಿಯಲ್ಲಿ ಮಾಂತ್ರಿಕ, ಕಳ್ಳ ಎಂಬ ಪಾತ್ರಗಳನ್ನು ಆರಿಸಿಕೊಳ್ಳುವ ಹಾಗಿಲ್ಲ. ಮೇಜಿಗೆ ಕೂತವರೆಲ್ಲ ನೈಟ್‌ಗಳೇ, ಅಂದರೆ ಒಬ್ಬ ಒಡೆಯನಿಗೆ ನಿಷ್ಠರಾದ ಕುದುರೆ ಸವಾರ ಯೋಧರು.

ಹೊಸಬರು ಪಾತ್ರದ ಹಾಳೆ ತುಂಬಿಸುವಾಗ ಹೆಚ್ಚುಕಡಿಮೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಒಬ್ಬನಿಗೆ ನಾಲ್ಕು ಕುದುರೆ ಯಾಕೆ ಸಾರ್?" ಹಾಳೆಯಲ್ಲಿ ಯುದ್ಧದ ಕುದುರೆ ಒಂದು, ರೌನ್ಸಿ ಎಂಬ ಸವಾರಿ ಕುದುರೆ ಎರಡು, ಹೇರು ಹೊರುವ ಕುದುರೆ ಒಂದು ಎಂದು ಬರೆದಿರುತ್ತದೆ. ಯುದ್ಧದ ಕುದುರೆಯನ್ನು ದಾರಿಯಲ್ಲಿ ಹತ್ತಿ ದಣಿಸುವಂತಿಲ್ಲ, ಅದಕ್ಕೆ ದಾರಿಗೊಂದು ರೌನ್ಸಿ. ಕಬ್ಬಿಣದ ಬಳೆಯಂಗಿ, ಡೇರೆ, ಪಾತ್ರೆಪಡಗ ಹೊರಲು ಇನ್ನೊಂದು ಕುದುರೆ. ಉಳಿದ ರೌನ್ಸಿ ಯಾರಿಗೆ? ಸ್ಕ್ವೈರ್‌ಗೆ, ನೈಟ್‌ನ ಜೊತೆಗಿದ್ದು ಕೆಲಸ ಕಲಿಯುವ ಸಹಾಯಕನಿಗೆ. ಅಂದರೆ ಆಟ ಶುರುವಾಗುವ ಮೊದಲೇ ನಿಮ್ಮ ಹಿಂದೆ ಒಬ್ಬ ಹುಡುಗ ಬಂದು ನಿಂತಿದ್ದಾನೆ. ಅವನ ಹಿಂದೆ ಲಾಯದವನು, ಅಡಿಗೆಯವನು, ಉಗ್ರಾಣ ನೋಡುವವನು, ಪ್ರಾರ್ಥನೆ ಮಾಡಿಸುವ ಪಾದ್ರಿ, ಹಳ್ಳಿಯವರ ಪರವಾಗಿ ಹೊಲಗೆಲಸ ನೋಡಿಕೊಳ್ಳುವ ರೀವ್, ಇವರೆಲ್ಲರ ಮೇಲೆ ಕಣ್ಣಿಟ್ಟಿರುವ ಸ್ಟೀವರ್ಡ್. ಸ್ಟೀವರ್ಡ್ ಅಂದರೆ ನಮ್ಮ ಪಾರುಪತ್ಯಗಾರ. ಆಟಗಾರ ಖಡ್ಗದ ಅಂಕಿ ಬರೆಯುತ್ತಿರುತ್ತಾನೆ, ಇಷ್ಟು ಜನ ಅವನ ಉತ್ತರಕ್ಕೆ ಕಾಯುತ್ತಿರುತ್ತಾರೆ. ಇವತ್ತು ನನ್ನ ಮಾತೆಲ್ಲ ಈ ಜನರ ಬಗ್ಗೆ.

ಹಳೆಯ ಆಟಗಳು ಇವರನ್ನು ಮರೆತಿರಲಿಲ್ಲ, ಆದರೆ ಲೆಕ್ಕದ ಸಂಖ್ಯೆ ಮಾಡಿದ್ದವು. 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸೈನ್ಯದ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟದಿಂದ ಹುಟ್ಟಿದ್ದು. ಅದರಲ್ಲಿ ಕರಿಸ್ಮಾ ಎಂಬ ಗುಣ ಇರುವುದೇ ಎಷ್ಟು ಜನ ನಿಮ್ಮ ಹಿಂದೆ ಬರುತ್ತಾರೆ, ಎಷ್ಟು ನಿಷ್ಠೆಯಿಂದ ನಿಲ್ಲುತ್ತಾರೆ ಎಂದು ಹೇಳಲು. 1987ರಲ್ಲಿ ಬಂದ ಆರ್ಸ್ ಮ್ಯಾಜಿಕಾ ಬೇರೆ ದಾರಿ ಹಿಡಿಯಿತು. ಮಂತ್ರವಾದಿಗಳ ಮನೆಯ ಕಾವಲುಗಾರರು, ಆಳುಗಳು ಮೇಜಿನ ಎಲ್ಲರಿಗೂ ಸೇರಿದವರು. ಇವತ್ತು ನೀವು ಮಂತ್ರವಾದಿ, ನಾಳೆ ಅದೇ ಮನೆಯ ಕಾವಲುಗಾರ. ಈ ಪದ್ಧತಿಯನ್ನು ನಾನು ಪೆಂಡ್ರಾಗನ್‌ಗೆ ಎರವಲು ತಂದಿದ್ದೇನೆ. ಒಬ್ಬರ ನೈಟ್ ದರ್ಬಾರಿನಲ್ಲಿದ್ದಾಗ ಉಳಿದವರು ಅವನ ಅಡಿಗೆಮನೆಯಲ್ಲಿರುತ್ತಾರೆ. ಯಜಮಾನನ ಬಗ್ಗೆ ಆಳುಗಳು ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಆಗ ಅವನ ಕಿವಿಗೂ ಬೀಳುತ್ತದೆ.

ಇನ್ನು ನಿಜವಾದ ನೈಟ್ ಒಬ್ಬನ ವಿಷಯಕ್ಕೆ ಬರುತ್ತೇನೆ. ವಿಲಿಯಂ ಮಾರ್ಷಲ್. ಹನ್ನೆರಡನೇ ಶತಮಾನದ ನಡುವಿನಲ್ಲಿ ಹುಟ್ಟಿದ ಕಿರಿಯ ಮಗ, ಆಸ್ತಿಯಿಲ್ಲದವನು, ಕೊನೆಗೆ ಬಾಲಕ ರಾಜ ಮೂರನೇ ಹೆನ್ರಿಯ ಪರವಾಗಿ ಇಂಗ್ಲೆಂಡನ್ನೇ ನೋಡಿಕೊಂಡವನು. ಅವನು ಸತ್ತ ಮೇಲೆ ಮಗ ಮತ್ತು ಹಳೆಯ ಸ್ಕ್ವೈರ್ ಜಾನ್ ಆಫ್ ಅರ್ಲಿ ಸೇರಿ ಹಳೆಯ ಫ್ರೆಂಚ್ ಪದ್ಯದಲ್ಲಿ ಅವನ ಬದುಕಿನ ಕತೆ ಬರೆಸಿದರು. ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲು. ಒಬ್ಬ ನೈಟ್‌ನ ಮನೆ ಒಳಗಿನಿಂದ ಹೇಗಿತ್ತು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ.

ಆ ಕತೆಯಲ್ಲಿ ಬರುವ ಹೊಸ ನೈಟ್ ವಿಲಿಯಂನನ್ನು ನೋಡಿ. ಈಗಿನ ಫ್ರಾನ್ಸಿನ ನಾರ್ಮಂಡಿಯಲ್ಲಿ ಮೊದಲ ಕಾಳಗದಲ್ಲೇ ಚೆನ್ನಾಗಿ ಹೋರಾಡಿದ, ಆದರೆ ಅವನ ಯುದ್ಧದ ಕುದುರೆ ಸತ್ತಿತು, ಕೊಳ್ಳೆಯಲ್ಲಿ ಏನನ್ನೂ ಎತ್ತಿಕೊಳ್ಳಲಿಲ್ಲ. ಆ ಸಂಜೆಯ ಊಟದಲ್ಲಿ ಒಬ್ಬ ಹಿರಿಯ, "ವಿಲಿಯಂ, ನನಗೊಂದು ಹಳೆಯ ಕುದುರೆ ಪಟ್ಟಿಯನ್ನಾದರೂ ಕೊಡು" ಎಂದು ಕೇಳುತ್ತಾನೆ. "ನನ್ನ ಹತ್ತಿರ ಇಲ್ಲವಲ್ಲ" ಎಂದಾಗ ಎಲ್ಲರೂ ನಗುತ್ತಾರೆ. ಮುಂದೆ ಸಾಮಾನು ಹೊರಲು ಒಂದು ರೌನ್ಸಿ ಕೊಳ್ಳಬೇಕಾಗಿ ಬಂದಾಗ ಅವನು ತನ್ನ ಮೇಲಂಗಿಯನ್ನೇ ಮಾರಿದ. ಮುಂದಿನ ಟೂರ್ನಮೆಂಟಿಗೆ, ಅಂದರೆ ನೈಟ್‌ಗಳ ಪಂದ್ಯದ ಕಾಳಗಕ್ಕೆ, ಒಡೆಯನು ಎಲ್ಲರಿಗೂ ಕುದುರೆ ಹಂಚಿದಾಗ ಇವನಿಗೆ ಉಳಿದದ್ದು ಯಾರಿಗೂ ಬೇಡವಾದ, ಕಡಿವಾಣಕ್ಕೆ ಬಗ್ಗದ ಒಂದು ಪ್ರಾಣಿ. ಹೊಸ ಆಟಗಾರರಿಗೆ ನಾನು ಈ ಕತೆ ಹೇಳಿಯೇ ಆಟ ಶುರುಮಾಡುತ್ತೇನೆ. ಕುದುರೆ ಇಲ್ಲದ ನೈಟ್ ಬರೀ ಸಾಲಗಾರ ಎಂಬುದು ಅವರಿಗೆ ಆಗಲೇ ತಿಳಿಯಬೇಕು.

ಮುಂದೆ ವಿಲಿಯಂ ಟೂರ್ನಮೆಂಟುಗಳಲ್ಲಿ ಹೆಸರಾದ. ಜೊತೆಗಾರನೊಬ್ಬನೊಂದಿಗೆ ಪಾಲುಗಾರಿಕೆ ಮಾಡಿಕೊಂಡು, ಈಸ್ಟರ್ ಆದಮೇಲೆ ಬರುವ ಪೆಂಟಿಕಾಸ್ಟ್ ಹಬ್ಬದಿಂದ ಮುಂದಿನ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದವರೆಗೆ ಇಬ್ಬರೂ 103 ನೈಟ್‌ಗಳನ್ನು ಸೆರೆಹಿಡಿದರಂತೆ. ಒಬ್ಬೊಬ್ಬ ಸೆರೆಯಾಳಿಗೂ ಬಿಡುಗಡೆಯ ಹಣ, ಅವನ ಕುದುರೆ, ಅವನ ಆಯುಧ. ಈ 103 ಎಂಬ ಸಂಖ್ಯೆ ಎಲ್ಲಿಂದ ಬಂತು ಗೊತ್ತೇ? ವಿಗೆಯ್ನ್ ಎಂಬ ಅಡಿಗೆಮನೆಯ ಗುಮಾಸ್ತ ಬರೆದಿಟ್ಟ ಪಟ್ಟಿಯಿಂದ. ಮಹಾವೀರನ ಕೀರ್ತಿಗೆ ಸಾಕ್ಷಿ ಅಡಿಗೆಮನೆಯ ಕಡತ! ಇದನ್ನು ಮೊದಲ ಸಲ ಓದಿದ ದಿನ ನನ್ನ ಮೇಜಿನ ಎಲ್ಲ ನೈಟ್‌ಗಳಿಗೂ ಒಬ್ಬೊಬ್ಬ ಗುಮಾಸ್ತನನ್ನು ಸೇರಿಸಿದೆ. ಆಟದಲ್ಲಿ ನೈಟ್ ಗಳಿಸುವ ಕೀರ್ತಿಯ ಅಂಕಗಳನ್ನು ಈಗ ಆ ಗುಮಾಸ್ತನೇ ಬರೆಯುತ್ತಾನೆ. ಅಂದರೆ ಪಕ್ಕದಲ್ಲಿ ಕೂತ ಆಟಗಾರ ಅವನ ದನಿಯಲ್ಲಿ ಓದಿ ಹೇಳುತ್ತಾನೆ.

ಮೂರನೆಯ ದೃಶ್ಯ 1219ರ ಮೇ ತಿಂಗಳದು. ವಿಲಿಯಂ ಸಾವಿನ ಹಾಸಿಗೆಯಲ್ಲಿದ್ದಾನೆ. ಉಗ್ರಾಣದಲ್ಲಿ ತುಪ್ಪಳದ ಅಂಚಿನ ಬೆಲೆಬಾಳುವ ನಿಲುವಂಗಿಗಳು ಎಂಬತ್ತರಷ್ಟಿವೆ. ಒಬ್ಬ ಪಾದ್ರಿ ಬಂದು, ಇವನ್ನು ಮಾರಿ ಆ ಹಣವನ್ನು ನಿಮ್ಮ ಆತ್ಮದ ಸದ್ಗತಿಗೆ ದಾನ ಮಾಡಬಹುದಲ್ಲ ಎನ್ನುತ್ತಾನೆ. ವಿಲಿಯಂ ಸಿಟ್ಟಿನಿಂದ ಅವನ ಬಾಯಿ ಮುಚ್ಚಿಸುತ್ತಾನೆ. ಪೆಂಟಿಕಾಸ್ಟ್ ಹತ್ತಿರ ಬಂದಿದೆ, ನನ್ನ ನೈಟ್‌ಗಳಿಗೆ ಹೊಸ ಬಟ್ಟೆ ಸಲ್ಲಬೇಕು, ಅವರಿಗೆ ನಾನು ಕೊಡುವುದು ಇದೇ ಕೊನೆಯ ಸಲ ಎಂದು ಹೇಳಿ ಹಂಚಿಸುತ್ತಾನೆ. ಮೇ 14ರಂದು ಅವನು ತೀರಿಕೊಂಡ. ಆ ವರ್ಷದ ಪೆಂಟಿಕಾಸ್ಟ್ ಬಂದದ್ದು ಮೇ 26ಕ್ಕೆ.

ನಮಗೆ ಇದು ಹೊಸದಲ್ಲ. ಹಬ್ಬಕ್ಕೆ ಮನೆಯ ಆಳುಕಾಳುಗಳಿಗೆ ಬಟ್ಟೆ ಕೊಡುವುದು ತಪ್ಪಿದರೆ ಯಜಮಾನನ ಮುಖ ಉಳಿಯುವುದಿಲ್ಲ ಎಂದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಪೆಂಡ್ರಾಗನ್‌ನಲ್ಲಿ ಒಡೆಯನ ಮೇಲಿನ ನಿಷ್ಠೆ ಒಂದು ಭಾವಾವೇಶ, ಅದಕ್ಕೊಂದು ಅಂಕಿಯಿದೆ. ಕನ್ನಡ ಆಟಗಾರರಿಗೆ ಅದನ್ನು ವಿವರಿಸಲು ನಾನು ಹಳಗನ್ನಡದ ಜೋಳವಾಳಿ ಎಂಬ ಒಂದೇ ಮಾತು ಬಳಸುತ್ತೇನೆ. ತಿಂದ ಜೋಳದ ಋಣ. ಋಣ ಇರಬೇಕಾದರೆ ಮೊದಲು ಯಾರೋ ಜೋಳ ಹಾಕಿರಬೇಕಲ್ಲವೇ?

ಜೋಳದ ಮಾತು ಬಂದಮೇಲೆ ಹಣದ ಮಾತೂ ಬರಬೇಕು. ನಾನು ಬಳಸುವ ಆವೃತ್ತಿಯಲ್ಲಿ ಸಾಧಾರಣ ನೈಟ್‌ನ ಉಂಬಳಿ ಹಳ್ಳಿಯಿಂದ ವರ್ಷಕ್ಕೆ 6 ಲಿಬ್ರಾ ಬರುತ್ತದೆ. ಒಂದು ಲಿಬ್ರಾ ಅಂದರೆ 240 ಬೆಳ್ಳಿ ಪೆನ್ನಿ. ಅದರಲ್ಲೇ ಕುಟುಂಬ, ಆಳುಗಳು, ಕುದುರೆಗಳು. ಈ ಆಟದಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದೇ ಸಾಹಸ. ಆಮೇಲೆ ಚಳಿಗಾಲದ ಹಂತ. ಆಗ ಮನೆವಾರ್ತೆ ನೋಡಬೇಕು, ಲಾಯಕ್ಕೆ ದಾಳ, ಹೆಂಡತಿಮಕ್ಕಳಿಗೆ ದಾಳ, 35 ದಾಟಿದವರಿಗೆ ಮುಪ್ಪಿನ ದಾಳ. ಹಲವು ಗೇಮ್ ಮಾಸ್ಟರ್‌ಗಳು ಇದನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಟದ ಜೀವ ಇಲ್ಲೇ ಇದೆ.

ನನ್ನ ಮೇಜಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಒಂದು ವರ್ಷ ಶತ್ರುಗಳಾದ ಸ್ಯಾಕ್ಸನ್ನರು ಒಬ್ಬ ಆಟಗಾರನ ಹಳ್ಳಿಗೆ ನುಗ್ಗಿ ಕಣಜ ಸುಟ್ಟರು. ಆದಾಯ ಅರ್ಧಕ್ಕಿಳಿಯಿತು. ಅವನು ಹಾಳೆ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತ. ಆಮೇಲೆ ಪೆನ್ಸಿಲಿನಿಂದ ಒಂದು ಸಾಲು ಹೊಡೆದುಹಾಕಿದ. ಲಾಯದ ಮುದುಕನ ಹೆಸರು. ಅವನಿಗೆ ಕೆಲಸವೂ ಆಗುತ್ತಿರಲಿಲ್ಲ, ಬಾಯಿ ಮಾತ್ರ ಇತ್ತು. ಲೆಕ್ಕದ ದೃಷ್ಟಿಯಿಂದ ತಪ್ಪೇನಿಲ್ಲ. ಆದರೆ ಆ ನೈಟ್‌ನ ಸ್ಕ್ವೈರ್ ಗ್ವಿನ್ ಆಗ ಹದಿನೈದರ ಹುಡುಗ, ಕುದುರೆ ಕಂಡರೆ ಹೆದರುತ್ತಿದ್ದ, ಆ ಮುದುಕನೇ ಅವನಿಗೆ ಲಗಾಮು ಹಿಡಿಯಲು ಕಲಿಸುತ್ತಿದ್ದ. ಮುಂದಿನ ಚಳಿಗಾಲದಲ್ಲಿ ಲಾಯದ ದಾಳ ಉರುಳಿತು, ಯುದ್ಧದ ಕುದುರೆ ಸತ್ತಿತು. ನಾನು ಯಾವ ದಂಡವನ್ನೂ ಸೇರಿಸಿರಲಿಲ್ಲ, ದಾಳ ತನ್ನ ಪಾಡಿಗೆ ಬಿದ್ದದ್ದು. ಆದರೂ ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಕೊನೆಗೆ ಅವನೇ, "ಗ್ವಿನ್‌ನ ಕಳಿಸ್ತೀನಿ, ಅಜ್ಜ ಎಲ್ಲಿದ್ದಾನೋ ಹುಡುಕಿ ಕರಕೊಂಡು ಬರ್ಲಿ" ಅಂದ. ಆ ವರ್ಷದ ನಮ್ಮ ಸಾಹಸ ಅದೇ ಆಯಿತು. ಡ್ರ್ಯಾಗನ್ನೂ ಇಲ್ಲ, ಕೋಟೆಯೂ ಇಲ್ಲ. ಹಿಮದಲ್ಲಿ ಒಬ್ಬ ಮುದುಕನನ್ನು ಹುಡುಕುವುದು.

ನೀವೂ ಮಾಡಿ ನೋಡಲು ನನ್ನ ಕ್ರಮ ಹೇಳಿಬಿಡುತ್ತೇನೆ. ನೈಟ್‌ನ ಹಾಳೆಯ ಹಿಂಬದಿಯಲ್ಲಿ ಆರೇಳು ಜನರ ಹೆಸರು ಬರೆಯಿರಿ, ಹೆಚ್ಚು ಬೇಡ. ಹೆಸರಿನ ಮುಂದೆ ವಯಸ್ಸು, ಎದ್ದು ಕಾಣುವ ಒಂದು ಗುಣ, ಈ ವರ್ಷ ಆ ವ್ಯಕ್ತಿಗೆ ಬೇಕಾಗಿರುವ ಒಂದು ಸಂಗತಿ. ಅಡಿಗೆಯವಳಿಗೆ ಮಗಳ ಮದುವೆ, ಪಾದ್ರಿಗೆ ಚರ್ಚಿನ ಗಂಟೆ. ಪೆಂಡ್ರಾಗನ್‌ನಲ್ಲಿ ಗುಣಗಳು ಜೋಡಿಯಾಗಿವೆ, ಉದಾರತೆ ಮತ್ತು ಸ್ವಾರ್ಥ ಸೇರಿ 20 ಆಗಬೇಕು. ಚಳಿಗಾಲದಲ್ಲಿ ಆ ಬೇಡಿಕೆಗಳಲ್ಲಿ ಒಂದನ್ನು ಮುಂದಿಟ್ಟು ಉದಾರತೆಯ ದಾಳ ಹಾಕಿಸಿ. ಆಳುಗಳ ನಿಷ್ಠೆಗೂ ನಾನು ಒಂದು ಅಂಕಿ ಇಡುತ್ತೇನೆ. ಇದು ಪುಸ್ತಕದ ನಿಯಮವಲ್ಲ, ನನ್ನದು. ಬೇಡಿಕೆ ನಡೆದರೆ ಒಂದು ಏರುತ್ತದೆ, ಮಾತು ಕೊಟ್ಟು ತಪ್ಪಿದರೆ ಮೂರು ಇಳಿಯುತ್ತದೆ.

ಇನ್ನೊಂದು ಕಿವಿಮಾತು ನನ್ನದಲ್ಲ. ಹದಿಮೂರನೇ ಶತಮಾನದಲ್ಲಿ ಇಂಗ್ಲೆಂಡಿನ ಲಿಂಕನ್‌ನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಅಲ್ಲಿನ ಒಡತಿ ಕೌಂಟೆಸ್‌ಗೆ ಮನೆವಾರ್ತೆಯ ನಿಯಮಗಳನ್ನು ಬರೆದುಕೊಟ್ಟ. ಕೋಣೆಯಲ್ಲಿ ಒಬ್ಬರೇ ಕೂತು ಉಣ್ಣಬೇಡಿ, ದೊಡ್ಡ ಹಾಲ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಡುವೆ ಕೂರಿ ಎಂದು ಅದರಲ್ಲಿದೆ. ನಾನು ಪ್ರತಿ ಚಳಿಗಾಲವನ್ನೂ ಈ ಊಟದಿಂದಲೇ ಶುರುಮಾಡುತ್ತೇನೆ. ನೈಟ್ ನಡುವೆ ಕೂತಿದ್ದಾನೆ, ಯಾರು ಎಲ್ಲಿ ಕೂತಿದ್ದಾರೆ, ಯಾರ ಜಾಗ ಖಾಲಿಯಿದೆ? ಅಷ್ಟು ಕೇಳಿ ಸುಮ್ಮನಿರಿ. ಆಟಗಾರರೇ ಮಾತಾಡುತ್ತಾರೆ.

ಕಣಜ ಕಳೆದುಕೊಂಡ ಆ ಆಟಗಾರನ ನೈಟ್, ಕಣಜ ಸುಟ್ಟ ಆರು ವರ್ಷದ ಮೇಲೆ ಒಂದು ಯುದ್ಧದಲ್ಲಿ ಸತ್ತ. ಈ ಆಟದಲ್ಲಿ ತಂದೆ ಸತ್ತರೆ ಮಗನನ್ನು ಆಡಬಹುದು, ಆದರೆ ಮಗನಿಗೆ ಆಗ ಬರೀ ನಾಲ್ಕು ವರ್ಷ. ಹಾಗಾದರೆ ಅವನು ದೊಡ್ಡವನಾಗುವ ತನಕ ಆ ಮನೆಯಿಂದ ಯಾರು ಬರುತ್ತಾರೆ ಎಂದು ಕೇಳಿದೆ. ಅವನು ಹಾಳೆ ತಿರುಗಿಸಿದ. ಹೊಡೆದುಹಾಕಿ ಮತ್ತೆ ಬರೆದಿದ್ದ ಮುದುಕನ ಹೆಸರಿನ ಮೇಲಿನ ಸಾಲನ್ನು ಓದಿದ: "ಗ್ವಿನ್. ವಯಸ್ಸು 21. ಕುದುರೆಗೆ ಹೆದರುತ್ತಿದ್ದವನು." ಹೊಸ ಹಾಳೆ ಕೊಟ್ಟೆ.