ಬಸ್ಸಿನ ಗೆರಿ ಮೊದಲು, ಸೈಟು ಆಮ್ಯಾಲ

ನಮಸ್ಕಾರ್ರಿ ಎಲ್ಲಾರಿಗೂ.

2025ರ ಸೆಪ್ಟೆಂಬರ್‌ದಾಗ ರಾಜ್ಯ ಸಚಿವ ಸಂಪುಟ ಒಂದು ತೀರ್ಮಾನ ಮಾಡ್ತು. ಕೃಷ್ಣಾ ನದಿಯ ಆಲಮಟ್ಟಿ ಡ್ಯಾಮಿನ ಎತ್ತರ ಹೆಚ್ಚಾದಾಗ ಮುಳುಗೋ ಭೂಮಿಗೆ ಪರಿಹಾರ: ನೀರಾವರಿ ಇದ್ರ ಎಕರೆಗೆ 40 ಲಕ್ಷ, ಒಣಬೇಸಾಯ ಇದ್ರ 30 ಲಕ್ಷ. ಆವತ್ತಿಂದ ಬಾಗಲಕೋಟಿಯಾಗ ಯಾವ ಚಾದಂಗಡಿಗೆ ಹೋದ್ರೂ ಅದ ಮಾತು. ಸಾಕೋ ಸಾಲದೋ, ಒಮ್ಮಿಗೇ ಕೊಡ್ತಾರೋ ಕಂತಿನ್ಯಾಗೋ, ಮನಿಗೆಷ್ಟು, ಗಿಡಕ್ಕೆಷ್ಟು, ಬೋರಿಗೆಷ್ಟು. ಮಾತಾಡಬೇಕಾದ್ದ ಬಿಡ್ರಿ, ಅದು ಹೊಟ್ಟಿ ಪ್ರಶ್ನೆ. ನಾ ಇವತ್ತ ಕೇಳೋದು ಬ್ಯಾರೆ. ಹೋಗಿ ಕುಂಡ್ರೋ ಹೊಸಾ ಜಾಗಕ್ಕ ಬಸ್ಸು ಎಷ್ಟೊತ್ತಿಗೆ ಬರ್ತೈತಿ?

ನಗಬ್ಯಾಡ್ರಿ. ಪೂರ್ತಿ ಕೇಳ್ರಿ.

ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದು 1964ರಾಗ. ಈಗ ನೀರು ನಿಲ್ಲೋದು 519.60 ಮೀಟರ್ ಮಟ್ಟಕ್ಕ. ರಾಜ್ಯಗಳ ನಡುವಿನ ಕೃಷ್ಣಾ ನೀರಿನ ತಂಟೆ ಕೇಳಿದ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನ್ಯಾಗ 524.256 ಮೀಟರ್‌ತನಕ ಒಪ್ಪಿಗಿ ಕೊಟ್ಟೈತಿ. ಕೇಳಾಕ ಐದು ಮೀಟರೂ ಅಲ್ಲ. ಆದ್ರ ಅಷ್ಟಕ್ಕ 75 ಸಾವಿರ ಎಕರೆ ಮ್ಯಾಲ ಭೂಮಿ ಹೋಗ್ತೈತಿ, 20 ಹಳ್ಳಿ ಹೋಗ್ತಾವ, ಬಾಗಲಕೋಟಿ ಊರಿನ ಇನ್ನಷ್ಟು ಭಾಗ ಹೋಗ್ತೈತಿ. ಅಂದ್ರ ಹೊಸಾ ಊರು ಕಟ್ಟಾಕ ಮತ್ತೊಮ್ಮೆ ಖಾಲಿ ನೆಲದ ಮ್ಯಾಲ ಬಿಳಿ ಸುಣ್ಣದ ಗೆರಿ ಎಳೀತಾರ. ಆ ಗೆರಿ ಎಳೆಯೋ ಹೊತ್ತಿಗೇ ಆ ಊರಿನ ಸಾರಿಗಿ ನೀತಿ ಬರದು ಮುಗಿದಿರ್ತೈತಿ. ಆಮ್ಯಾಲ ಯಾರು ಎಷ್ಟ ಸೆಮಿನಾರ್ ಮಾಡಿದ್ರೂ ಅಷ್ಟ.

ಇದು ನಮಗ ಗೊತ್ತಿರಬೇಕಿತ್ತು. ದೇಶದಾಗ ಹೊಸದಾಗಿ ನಕ್ಷೆ ಹಾಕಿ ಕಟ್ಟಿಸಿಕೊಂಡ ಊರು ಎಷ್ಟದಾವ? ಅದ್ರಾಗ ನಮ್ಮ ನವನಗರ ಒಂದು, ಹಳೇ ಬಾಗಲಕೋಟಿಯ ಭಾಗ ಆಲಮಟ್ಟಿ ನೀರಿಗೆ ಹೋದದ್ದಕ್ಕ ಕಟ್ಟಿದ್ದು. ಈ ಹೊಸ ಬಾಗಲಕೋಟಿಯ ಯೋಜನೆ ಹಾಕಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನವಿ ಮುಂಬೈಯ ಮೂಲ ಕಲ್ಪನಾ ಕೊಟ್ಟ ಮೂವರಾಗ ಒಬ್ರು. ಊರು ಬೆಳಿಯೋದು ಮತ್ತ ಬಸ್ಸು-ರೈಲಿನ ದಾರಿ, ಎರಡೂ ಒಂದ ನಕ್ಷೆದಾಗ ಇರಬೇಕು ಅಂತ ಹೇಳಿಕೋತ ಬಂದ ಮನುಷ್ಯಾ. ಅಂಥವರ ಕೈಯಿಂದ ಶುರುವಾದ ಊರಾಗ ನಾವು ಇವತ್ತ ಏನು ನೋಡ್ತೀವಿ? ಅಗಲ ರಸ್ತೆ, ನಂಬರ್ ಹಚ್ಚಿದ ಸೆಕ್ಟರ್, ಸರ್ಕಲ್ಲು, ನಡುನಡುವೆ ಜಾಲಿ ಕಂಟಿ ಬೆಳೆದ ಖಾಲಿ ಸೈಟು. ರಸ್ತೆಕ್ಕ ನಂದೇನೂ ತಕರಾರಿಲ್ಲ, ಬೆಳಗಾವಿಯ ಗಲ್ಲಿಯಾಗ ಗಾಡಿ ತಿರುಗಿಸಿದವರಿಗೆ ಅದರ ಬೆಲಿ ಗೊತ್ತು. ಆದ್ರ ರಸ್ತೆ ಆತು, ಓಡಾಟ ಆಗಲಿಲ್ಲ.

ಯಾಕಂದ್ರ ಊರು ಒಂದ ಸಲಕ್ಕ ಎದ್ದು ಬರಲಿಲ್ಲ. ಡಿಸಿ ಆಫೀಸು, ಜಿಲ್ಲಾ ಆಸ್ಪತ್ರೆ, ತೋಟಗಾರಿಕೆ ವಿಶ್ವವಿದ್ಯಾಲಯ ನವನಗರದ ಕಡೆ ಬಂದ್ವು. ಸರಾಫ ಅಂಗಡಿ, ಕಿರಾಣಿ, ಬಟ್ಟಿ ಅಂಗಡಿ, ಗುಡಿ, ಬೀಗರ ಮನಿ ಹಳೇ ಊರಾಗ ಉಳದ್ವು. ನಡುವೆ ವಿದ್ಯಾಗಿರಿ, ಅಲ್ಲಿ ಕಾಲೇಜು. ಒಂದ ಊರು, ಮೂರು ತುಂಡು. ಹೋಳಿ ಬಂದಾಗ ನೋಡ್ರಿ, ನವನಗರದಾಗ ಮನಿ ಕಟ್ಟಿ ಎಷ್ಟೋ ವರ್ಷ ಆದವರೂ ಹಲಗಿ ಸಪ್ಪಳ ಕೇಳಿದ್ರ ಕಿಲ್ಲಾ, ಹೊಸಪೇಟೆ ಕಡೆಗೇ ಓಡ್ತಾರ. ಬಣ್ಣದ ಬ್ಯಾರಲ್ಲು ಹೇರಿಕೊಂಡ ಗಾಡಿ ಎದುರುಬದುರು ನಿಂತು ಆಡೋ ಆಟ ಸೆಕ್ಟರ್‌ದಾಗ ಆಗಂಗಿಲ್ಲ ಬಿಡ್ರಿ, ಅದಕ್ಕ ಇಕ್ಕಟ್ಟ ಬೇಕು. ಹೋಳಿ ವರ್ಷಕ್ಕೊಮ್ಮೆ. ಸಂತಿ, ಸಾಲಿ, ದವಾಖಾನಿ ದಿನಾ.

ಸಿಟಿ ಬಸ್ ಇಲ್ಲ ಅಂತ ನಾ ಹೇಳಾಕತ್ತಿಲ್ಲ. ದೊಡ್ಡ ರಸ್ತೆ ಹಿಡದು ಓಡ್ತಾವ. ದೊಡ್ಡ ರಸ್ತೆಯಿಂದ ಮನಿತನಕ ಏನೈತಿ? ಟಂಟಂ, ಅಂದ್ರ ಸೀಟಿನ ಲೆಕ್ಕಕ್ಕ ಮಂದಿ ತುಂಬೋ ಆಟೋ. ಡ್ರೈವರ್ ಆಚೆ ಈಚೆ ಒಬ್ಬೊಬ್ರು ಅರ್ಧ ಕುಂಡಿ ಮ್ಯಾಲ, ಹಿಂದ ಎದುರುಬದುರು ಮೊಣಕಾಲಿಗೆ ಮೊಣಕಾಲು. "ಇನ್ನೊಂದ ಸೀಟ್ರೀ, ಬಿಟ್ಟ ಬಿಡ್ತೇನ್ರೀ" ಅಂತಾನ, ಇನ್ನೊಂದು ಬರತನಕ ಗಾಡಿ ಅಲ್ಲಾಡಂಗಿಲ್ಲ. ಅವನ ತಪ್ಪಲ್ಲ, ಖಾಲಿ ಹೋದ್ರ ಡೀಸೆಲ್ ರೊಕ್ಕ ಹುಟ್ಟಂಗಿಲ್ಲ. ಆದ್ರ ಒಂದು ಲೆಕ್ಕ ಹಾಕ್ರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ. ಬೀಳಗಿಯಿಂದ ಬಂದ ಅವ್ವ ಬಾಗಲಕೋಟಿತನಕ ಒಂದು ಪೈಸೆ ಕೊಡಲಾರದ ಬರ್ತಾಳ. ಬಸ್ ಸ್ಟ್ಯಾಂಡಿನಿಂದ ದವಾಖಾನಿಗೆ ಹೋಗಾಕ ರೊಕ್ಕ ಬಿಚ್ಚಬೇಕು. ಉದ್ದನ್ನ ದಾರಿ ಪುಕ್ಕಟ, ಗಿಡ್ಡನ್ನ ದಾರಿಗೆ ರೊಕ್ಕ!

ನಡಕೊಂಡು ಹೋಗ್ಲಿ ಅಂತೀರಿ. ಏಪ್ರಿಲ್ ತಿಂಗಳ ಮಧ್ಯಾಹ್ನ 40 ಡಿಗ್ರಿ ಬಿಸಲಾಗ, ನೆರಳಿಗೆ ಒಂದು ಬೇವಿನ ಗಿಡ ಇರಲಾರದ ಡಾಂಬರ್ ಮ್ಯಾಲ, ನೀವ ಮೊದಲು ನಡದು ತೋರಸ್ರಿ. ಹವಾಮಾನ ಬದಲಾವಣೆ ಅಂದಕೂಡಲೇ ನಮಗ 2019ರ ಆಗಸ್ಟ್ ಪ್ರವಾಹ ನೆನಪಾಗ್ತೈತಿ. ಮುಧೋಳ, ಜಮಖಂಡಿ, ಬಾದಾಮಿ ಕಡೆ ಊರಿಗೆ ಊರು ನೀರಾಗ ನಿಂತಿದ್ವು. ಅದು ಸುದ್ದಿ ಆಗ್ತೈತಿ. ಬಿಸಲು ಸುದ್ದಿ ಆಗಂಗಿಲ್ಲ, ಸುಮ್ನ ಒಂದು ಬೈಕು ತಗೋಳೋಹಂಗ ಮಾಡ್ತೈತಿ. ಪರಿಹಾರದ ರೊಕ್ಕ ಬಂದವರು ಗಾಡಿ ತಗೊಂಡ್ರು ಅಂತ ಆಡಿಕೊಳ್ಳೋ ಮಂದಿ ಭಾಳ. ಬಸ್ಸಿಲ್ಲದ ಜಾಗದಾಗ ಒಯ್ದು ಕುಂಡ್ರಿಸಿ, ಗಾಡಿ ತಗೊಂಡ್ರ ದುಂದು ಅಂತೀರಲ್ರೀ?

ಇನ್ನ ಅಧ್ಯಯನದ ಮಾತು. ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ 2002ರಾಗ ವರದಿ ಕೊಡ್ತು. ನಮ್ಮ ಭಾಗದವರಿಗೆ ಅದು ದೊಡ್ಡ ಆಧಾರ, 114 ತಾಲ್ಲೂಕು ಹಿಂದುಳಿದಾವ ಅಂತ ಲೆಕ್ಕ ಇಟ್ಟು ತೋರಿಸ್ತು. ಅದಕ್ಕ ಕೈ ಮುಗೀತೇನಿ. ಆದ್ರ ಅದರ 35 ಸೂಚಕದಾಗ ಒಂದು, ಲಕ್ಷ ಜನಸಂಖ್ಯೆಗೆ ಮೋಟಾರು ವಾಹನ ಎಷ್ಟು ಅನ್ನೋದು. ಹೆಚ್ಚಿದ್ದಷ್ಟು ಮುಂದುವರಿದ್ಹಂಗ. ಆ ಕಾಲಕ್ಕ ಸರಿ ಇತ್ತು. ಅದ ಅಳತಿಗೋಲು ಇವತ್ತ ಹಿಡದ್ರ, ಬಸ್ಸಿಲ್ಲದಕ್ಕ ಸಾಲ ಮಾಡಿ ಬೈಕು ತಗೊಂಡ ಊರು ಅಭಿವೃದ್ಧಿ ಹೊಂದಿದ ಊರಾಗ್ತೈತಿ. ಟ್ರಾಫಿಕ್ ಸರ್ವೆ ಮಾಡೋರೂ ಹಂಗ. ಸರ್ಕಲ್‌ದಾಗ ಹುಡುಗ್ರು ಕುರ್ಚಿ ಹಾಕ್ಕೊಂಡು ಕುಂತು ಕಾರೆಷ್ಟು, ಬೈಕೆಷ್ಟು, ಲಾರಿ ಎಷ್ಟು ಅಂತ ಗೀಟು ಹೊಡೀತಾರ. ಬಸ್ಸಿಲ್ಲ ಅಂತ ಮನಿ ಬಿಟ್ಟು ಹೊರಗ ಬರಲಾರದಾಕಿ ಆ ಹಾಳಿಯೊಳಗ ಬರೋದ ಇಲ್ಲ.

ದಿಲ್ಲಿ ಯೋಜನೆನೂ ನಮ್ಮಂಥ ಊರು ದಾಟಿ ಹೋಗ್ತಾವ. 2023ರ ಪಿಎಂ ಇ-ಬಸ್ ಸೇವಾ ಹತ್ತು ಸಾವಿರ ಎಲೆಕ್ಟ್ರಿಕ್ ಬಸ್ಸಿನ ಯೋಜನೆ, ಆದ್ರ ಸಾಮಾನ್ಯವಾಗಿ 3 ಲಕ್ಷ ಮ್ಯಾಲ ಜನ ಇರೋ ಊರಿಗೆ. ಬೆಳಗಾವಿ, ವಿಜಯಪುರ ಆ ಗೆರಿ ದಾಟ್ತಾವ. 2011ರ ಗಣತಿಯಾಗ ನಮ್ಮ ಬಾಗಲಕೋಟಿ 1.11 ಲಕ್ಷ. ಊರು ಸಣ್ಣದಾದ್ರೂ ಎಷ್ಟು ಚದರಿ ಹೋಗೈತಿ ಅನ್ನೋದನ್ನ ಯಾರೂ ಅಳದು ನೋಡ್ಲಿಲ್ಲ.

ಬಸ್ಸು ಬಿಟ್ರ ಖಾಲಿ ಓಡ್ತಾವ, ಸಾರಿಗಿ ಸಂಸ್ಥೆಗೆ ಲುಕ್ಸಾನು ಅಂತ ಹೇಳೋರಿಗೆ ನಾ ಇಲ್ಲ ಅನ್ನಂಗಿಲ್ಲ. ಒಂದು ಸ್ಟಾಪಿನ ಸುತ್ತ ಹತ್ತು ಮನಿ, ನಲವತ್ತು ಖಾಲಿ ಸೈಟು ಇದ್ರ ಯಾವ ಬಸ್ಸೂ ನಡೆಯಂಗಿಲ್ಲ. ಅದಕ್ಕ ಮೊದಲು ಬಸ್ಸಿನ ಗೆರಿ ಎಳೀರಿ ಅಂತೇನಿ. ಸಾಲಿ, ರೇಷನ್ ಅಂಗಡಿ, ಆರೋಗ್ಯ ಕೇಂದ್ರ, ಸಂತಿ ಕಟ್ಟಿ ಆ ಗೆರಿಗೆ ಹಚ್ಚಿ ಇರಲಿ. ಸಣ್ಣ ಸೈಟು, ಭೂಮಿ ಇಲ್ಲದ ಕೂಲಿಯವರ ಮನಿ ಸ್ಟಾಪಿನ ಹತ್ರ. ದೊಡ್ಡ ಸೈಟು ಬೇಕಂದವರು ಹಿಂದಕ್ಕ ಹೋಗ್ಲಿ, ಅವರಲ್ಲಿ ಗಾಡಿ ಇರ್ತೈತಿ. ಈಗ ನಡಿಯೋದು ಪೂರ್ತಿ ಉಲ್ಟಾ.

ಮತ್ತ ಇದು ನನ್ನ ಆಸೆ ಅಷ್ಟ ಅಲ್ರಿ, ಕಾನೂನೂ ಐತಿ. 2013ರ ಭೂಸ್ವಾಧೀನ ಕಾಯ್ದೆಯ ಮೂರನೇ ಅನುಸೂಚಿ ತಗದು ನೋಡ್ರಿ. ಪುನರ್ವಸತಿ ಜಾಗದಾಗ ಏನೇನು ಇರಬೇಕು ಅಂತ ಪಟ್ಟಿ ಐತಿ: ರಸ್ತೆ, ಚರಂಡಿ, ಕುಡಿಯೋ ನೀರು, ಸಾಲಿ, ಸ್ಮಶಾನ. ಅದರೊಳಗ ಹತ್ರದ ಪಟ್ಟಣಕ್ಕ ಸ್ಥಳೀಯ ಬಸ್ ಸೇವೆ ಇರಲೇಬೇಕು ಅಂತನೂ ಬರದಾರ. ಪರಿಹಾರದ ಸಭೆಗೆ ಹೋಗೋರು ದರದ ಪ್ರಶ್ನೆ ಕೇಳಿದ ಮ್ಯಾಲ, ಕುಂಡ್ರೋಕ ಮೊದಲು ಇದನ್ನೂ ಕೇಳ್ರಿ: ಯಾವ ಡಿಪೋದ ಬಸ್ಸು, ಮುಂಜಾನಿ ಮೊದಲನೇ ಟ್ರಿಪ್ ಎಷ್ಟಕ್ಕ, ರಾತ್ರಿ ಕಡೀದು ಎಷ್ಟಕ್ಕ, ಮತ್ತ ಅದು ತಪ್ಪಿದ್ರ ಯಾರ ಹತ್ರ ಬರಬೇಕು. ಉತ್ತರ ಬಾಯಿಮಾತಿನ್ಯಾಗ ಬ್ಯಾಡ, ಸಭೆಯ ನಡಾವಳಿಯೊಳಗ ಬರಸ್ರಿ.